ಹನ್ನೊಂದನೆಯ ಪ್ರಶ್ನೆ

ಆ ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮನ ಕುರ್ಚಿ ಏರಬೇಕೆಂದರೆ ಎಂಥವರಾದರೂ ಸರಿ, ಮೊದಲು ಫಾರ್ಮಕ್ಕನ ಮೇಜು ದಾಟಲೇಬೇಕಿತ್ತು. ಬಾಗಿಲಿಗೆ ಒತ್ತಿಕೊಂಡೇ ಇದ್ದ ಸಣ್ಣ ಮೇಜು. ಮೇಲೆ ಒಂದು ಕಟ್ಟು ಫಾರ್ಮು, ಯಾರೂ ಎತ್ತಿಕೊಂಡು ಹೋಗದಂತೆ ದಾರ ಕಟ್ಟಿದ ಪೆನ್ನು, ಒಂದು ಕರೆಗಂಟೆ. ಹಿಂದೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತ ಫಾರ್ಮಕ್ಕ. ಆಕೆಗೆ ಬೇರೆ ಹೆಸರು ಇದ್ದೇ ಇತ್ತು, ಆದರೆ ಹಲ್ಲುನೋವಿನವರಿಗೆ ಹೆಸರು ಕೇಳುವಷ್ಟು ವ್ಯವಧಾನ ಎಲ್ಲಿಂದ ಬರಬೇಕು?

ಫಾರ್ಮಿನಲ್ಲಿ ಇಪ್ಪತ್ತೆರಡು ಪ್ರಶ್ನೆ. ಮೊದಲ ನಾಲ್ಕು ಹೆಸರು, ವಯಸ್ಸು, ವಿಳಾಸ, ನೋವು ಎಲ್ಲಿ ಎಂಬುದು. ಅಲ್ಲಿಂದ ಮುಂದೆ ಹೃದಯ, ಸಕ್ಕರೆ, ಉಬ್ಬಸ, ಆಪರೇಷನ್ನು, ಮಂಡಿನೋವು ಹೀಗೆ ಇದ್ದಬದ್ದ ಅಂಗಗಳ ವಿಚಾರಣೆ. "ಹಲ್ಲಿಗೂ ಮಂಡಿಗೂ ಏನಮ್ಮಾ ಸಂಬಂಧ?" ಎಂದು ಕೆನ್ನೆ ಊದಿದವರು ಹಲ್ಲು ಕಡಿಯುತ್ತಿದ್ದರು. ಪಾಪ, ಕಡಿಯಲು ಹೋಗಿ ನೋವು ಇನ್ನಷ್ಟು ಹೆಚ್ಚಾಗಿ ಸುಮ್ಮನಾಗುತ್ತಿದ್ದರು.

ಒಂದು ಮಾತು ಒಪ್ಪಿಕೊಳ್ಳಬೇಕು. ಫಾರ್ಮಕ್ಕ ಮೊದಲೆಲ್ಲ ಇಷ್ಟು ಕಟ್ಟುನಿಟ್ಟಿನವಳಾಗಿರಲಿಲ್ಲ. ಮೊದಲ ನಾಲ್ಕು ಕೇಳುತ್ತಿದ್ದಳು, ಉಳಿದ ಹದಿನೆಂಟಕ್ಕೆ 'ಇಲ್ಲ' ಎಂಬ ಸಾಲಿನ ಮೇಲೆ ಮೇಲಿನಿಂದ ಕೆಳಕ್ಕೆ ಒಂದೇ ಗೀಟು ಎಳೆದು ಗಂಟೆ ಬಾರಿಸುತ್ತಿದ್ದಳು. ಆರು ವರ್ಷ ಹೀಗೇ ನಡೆದಿತ್ತು. ಹೋದ ತಿಂಗಳು ಒಬ್ಬ ಬಸ್ ಡ್ರೈವರು ಬಂದ. ಗೀಟು ಎಳೆದದ್ದಾಯಿತು, ಹಲ್ಲು ಕಿತ್ತದ್ದೂ ಆಯಿತು, ರಕ್ತ ಮಾತ್ರ ನಿಲ್ಲಲಿಲ್ಲ. ಹತ್ತಿ ಮುಗಿಯಿತು, ಪಕ್ಕದ ಔಷಧಿ ಅಂಗಡಿಯಿಂದ ತಂದ ಹತ್ತಿಯೂ ಮುಗಿಯಿತು. ಕೊನೆಗೆ ಅವನ ಜೇಬಿನಿಂದ ರಕ್ತ ತೆಳುವಾಗಿಸುವ ಮಾತ್ರೆಯ ಸ್ಟ್ರಿಪ್ಪು ಹೊರಬಂತು. ಬಾಯಿ ತುಂಬ ಹತ್ತಿ ತುರುಕಿಸಿಕೊಂಡು ನಾಲ್ಕು ಗಂಟೆ ಕೂತಿದ್ದ ಆ ಮನುಷ್ಯ, ಮಾತಾಡಲಾಗದೆ, ಅದೇ ಫಾರ್ಮಿನ ಹಿಂದೆ ಬರೆದು ತೋರಿಸಿದ್ದ: 'ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.'

ಡಾಕ್ಟರಮ್ಮ ಆ ಸಂಜೆ ಕಿರುಚಾಡಲಿಲ್ಲ. ಅದಕ್ಕೇ ಹೆಚ್ಚು ಭಯವಾದದ್ದು. "ಇನ್ನೊಂದು ಸಲ ಹೀಗಾದ್ರೆ ಈ ಮೇಜಿನ ಹಿಂದೆ ನೀವಿರಲ್ಲ," ಎಂದಷ್ಟೇ ಹೇಳಿ ಕೈಚೀಲ ತೆಗೆದುಕೊಂಡು ಹೊರಟುಬಿಟ್ಟರು. ಕೆಲಸ ಹೋಗುವ ಭಯ ಒಂದು ಕಡೆಯಾದರೆ, ಊಟಕ್ಕೆ ಕೂತಾಗಲೆಲ್ಲ ಕಣ್ಣ ಮುಂದೆ ಬರುತ್ತಿದ್ದ ಆ ಕೆಂಪು ಹತ್ತಿಯದು ಇನ್ನೊಂದು ಕಡೆ. ಆಕೆಗೆ ನಿಜಕ್ಕೂ ನಾಚಿಕೆಯಾಗಿತ್ತು. ಅಂದಿನಿಂದ ಫಾರ್ಮಕ್ಕ ಒಂದೊಂದು ಪ್ರಶ್ನೆಯನ್ನೂ ಪೊಲೀಸಿನವರ ಹಾಗೆ ಕೇಳತೊಡಗಿದಳು.

ಇಂಥ ದಿನಗಳಲ್ಲೇ ಒಂದು ಬೆಳಿಗ್ಗೆ ಹನ್ನೊಂದಕ್ಕೆ ಟೈಲರ್ ಯಜಮಾನರು ಹೆಂಡತಿಯ ಜೊತೆ ಒಳಗೆ ಬಂದರು. ಯಜಮಾನರು ಗಳದ ಹಾಗೆ ಉದ್ದ. ಕೆನ್ನೆಯನ್ನು ಸುತ್ತಿ ತಲೆಯ ಮೇಲೆ ಗಂಟು ಹಾಕಿದ ಬಟ್ಟೆ, ಕೊರಳಲ್ಲಿ ತೆಗೆಯಲು ಮರೆತ ಅಳತೆ ಟೇಪು. ಹೆಂಡತಿ ಗಿಡ್ಡ, ದುಂಡಗೆ, ಅವರ ಮೊಣಕೈ ಎತ್ತರಕ್ಕೆ ಬರುತ್ತಿದ್ದಳು. ಮಾತು ಮಾತ್ರ ಇಬ್ಬರ ಪಾಲಿನದೂ ಆಕೆಯ ಬಳಿಯೇ ಇತ್ತು.

"ವಯಸ್ಸು?" ಫಾರ್ಮಕ್ಕ ಕೇಳಿದಳು.

"ಅರವತ್ತೆಂಟು," ಹೆಂಡತಿ ಹೇಳಿದಳು. "ಇಬ್ಬರಿಗೂ."

"ಇಬ್ಬರಿಗೂ ಒಂದೇ ವಯಸ್ಸಾ ಅಮ್ಮಾ?"

"ಅವರಿಗೆ ಎಪ್ಪತ್ತು, ನಂಗೆ ಅರವತ್ತಾರು. ಕೂಡಿಸಿ ಭಾಗ ಮಾಡ್ಕೊಂಡಿದೀವಿ. ನಮ್ಮನೇಲಿ ಎಲ್ಲಾ ಹಾಗೇನೇ."

ಫಾರ್ಮಕ್ಕ ಎಪ್ಪತ್ತು ಎಂದು ಬರೆದುಕೊಂಡಳು. ನೋವು ಎಲ್ಲಿ ಎಂದರೆ ಹೆಂಡತಿ ತನ್ನ ಬಾಯಿ ಅಗಲಿಸಿ ತನ್ನದೇ ಬಲಗಡೆಯ ದವಡೆ ಹಲ್ಲನ್ನು ಬೆರಳಿಂದ ತಟ್ಟಿ ತೋರಿಸಿದಳು. ಯಜಮಾನರು ಹೌದೌದೆಂದು ತಲೆಯಾಡಿಸಿದರು. ಹೃದಯದ ತೊಂದರೆ? ಅವರಿಗಿಲ್ಲ. ಸಕ್ಕರೆ? ಇಲ್ಲ. ಆಪರೇಷನ್? ಒಂದಾಗಿದೆ. ಯಾವುದು? ಹೊಟ್ಟೇದು, ಆದರೆ ಅದು ನನಗೆ. ಫಾರ್ಮಕ್ಕ ಬರೆದದ್ದನ್ನು ಹೊಡೆದುಹಾಕಿದಳು. ಹಿಂದಿನ ಬೆಂಚಿನಲ್ಲಿ ಒಂದು ಕೆನ್ನೆ ಮಾತ್ರ ಊದಿಕೊಂಡು ಕೂತಿದ್ದ ಶಾಲೆಯ ಮೇಷ್ಟ್ರು, ಎಲ್ಲರಿಗೂ ಕೇಳುವ ಹಾಗೆ ನಿಟ್ಟುಸಿರು ಬಿಟ್ಟರು.

"ಹನ್ನೊಂದು. ದಿನಾ ತಗೊಳ್ಳೋ ಮಾತ್ರೆ, ಔಷಧಿ ಏನಾದ್ರೂ ಇದೆಯಾ?"

"ಅವರಿಗಾ? ಒಂದೂ ಇಲ್ಲ. ಗುಂಡುಕಲ್ಲಿನ ಹಾಗಿದಾರೆ. ದೃಷ್ಟಿ ಆಗಬಾರದು ಅಂತ ನಾನೇ ಹೊರಗೆಲ್ಲೂ ಹೇಳಲ್ಲ."

ಗುಂಡುಕಲ್ಲು ನಾಚಿಕೊಂಡು ಟೇಪನ್ನು ಬೆರಳಿಗೆ ಸುತ್ತಿಕೊಂಡಿತು. ಇಪ್ಪತ್ತೆರಡೂ ಮುಗಿದವು, ಕಾಯಿಲೆಯ ಹದಿನೆಂಟಕ್ಕೂ 'ಇಲ್ಲ'. ಯಜಮಾನರು ದಾರದ ಪೆನ್ನಿನಿಂದ ಹೊಲಿಗೆ ಹಾಕಿದಷ್ಟು ಅಚ್ಚುಕಟ್ಟಾಗಿ ಸಹಿ ಹಾಕಿದರು. ಫಾರ್ಮಕ್ಕ ಗಂಟೆಯ ಮೇಲೆ ಕೈಯಿಟ್ಟಳು.

ಆಗ ಕಣ್ಣಿಗೆ ಬಿತ್ತು, ಸಹಿಗೆ ಬಾಗಿದಾಗ ಸರಿದ ಬಟ್ಟೆಯ ಅಂಚಿನಲ್ಲಿ, ಯಜಮಾನರ ಗಲ್ಲಕ್ಕೆ ಅಂಟಿಸಿದ್ದ ಪೇಪರಿನ ಚೂರು. ನಡುವೆ ಒಂದು ಕೆಂಪು ಚುಕ್ಕಿ.

"ಗಲ್ಲಕ್ಕೆ ಏನಾಯ್ತು ಯಜಮಾನ್ರೆ?"

"ಶೇವಿಂಗ್ ಮಾಡ್ಕೊಳ್ಳುವಾಗ ಸ್ವಲ್ಪ ತಾಗ್ತು," ಎಂದರು ಯಜಮಾನರು. ಬಟ್ಟೆ ಸುತ್ತಿದ ಬಾಯಿಂದ ಬಂದ ಮೊದಲ ಮಾತು ಅದು.

"ಎಷ್ಟು ಹೊತ್ತಿಗೆ?"

"ಆರೂವರೆ ಇರಬೇಕು."

ಫಾರ್ಮಕ್ಕ ಗೋಡೆ ಗಡಿಯಾರ ನೋಡಿದಳು. ಹನ್ನೊಂದೂ ಕಾಲು. ಮತ್ತೆ ಚುಕ್ಕಿ ನೋಡಿದಳು. ಅದು ಒಣಗಿರಲಿಲ್ಲ, ನೋಡನೋಡುತ್ತಿದ್ದ ಹಾಗೇ ಅಂಚಿನಿಂದ ಒಂದಿಷ್ಟು ಅಗಲವಾಯಿತು. ಫಾರ್ಮಕ್ಕ ಯಜಮಾನರ ಅಂಗಿ ತೋಳನ್ನು ಕೇಳದೆಯೇ ಮೇಲೆ ಸರಿಸಿದಳು. ಮುಂಗೈ ಮೇಲೆ ಬದನೆಕಾಯಿ ಬಣ್ಣದ ಎರಡು ಕಲೆ. ಮೇಜಿಗೆ ತಾಗಿದ್ದಂತೆ. ಯಾವಾಗ? ನೆನಪಿಲ್ಲವಂತೆ, ಈಚೆಗೆ ಏನು ತಾಗಿದರೂ ಹೀಗೇ ಆಗುತ್ತದಂತೆ.

"ಹನ್ನೊಂದನೇ ಪ್ರಶ್ನೆ ಇನ್ನೊಂದ್ಸಲ ಕೇಳ್ತೀನಿ," ಎಂದಳು ಫಾರ್ಮಕ್ಕ. "ಮಾತ್ರೆ?"

"ಇಲ್ಲ ಅಂದ್ನಲ್ಲಮ್ಮಾ."

"ನೋವಿಗೆ?"

"ಇಲ್ಲ."

"ನಿದ್ದೆಗೆ?"

"ಅವರಿಗೆ ನಿದ್ದೆಗಾ? ಸೂಜಿಗೆ ದಾರ ಪೋಣಿಸ್ತಾನೇ ನಿದ್ದೆ ಹೊಡೀತಾರೆ."

"ಅಮ್ಮಾ, ದೇವರಾಣೆಗೂ ಇಲ್ವಾ?"

"ಹಲ್ಲಿನ ಆಸ್ಪತ್ರೇಲಿ ಆಣೆ ಇಡಿಸ್ತಾರೇನು!" ಮೇಷ್ಟ್ರು ತಡೆಯಲಾರದೆ ಎದ್ದು ನಿಂತರು. "ಅವರಿಗೆ ಇಲ್ಲದ ಕಾಯಿಲೆ ನೀವೇ ಅಂಟಿಸೋ ಹಾಗಿದೆ. ನಮ್ಮ ಸರದಿ ಬರೋದ್ರೊಳಗೆ ನಮ್ಮ ಹಲ್ಲು ತಾವಾಗೇ ಉದುರ್ತವೆ."

ಗಲಾಟೆ ಕೇಳಿ ಡಾಕ್ಟರಮ್ಮ ಬಾಗಿಲು ತೆರೆದರು. ಆಳು ಚಿಕ್ಕದು, ಕೋಪ ದೊಡ್ಡದು. "ಏನು ತಡ? ಕುರ್ಚಿ ಖಾಲಿ ಇದೆ."

"ಹನ್ನೊಂದು ಮುಗಿದಿಲ್ಲ ಮೇಡಂ."

ಡಾಕ್ಟರಮ್ಮ ಫಾರ್ಮು ನೋಡಿದರು. "ಇಲ್ಲ ಅಂತ ಬರ್ದಿದೆಯಲ್ಲ."

"ಬರ್ದಿದೆ. ನಂಗೆ ನಂಬಿಕೆ ಬರ್ತಿಲ್ಲ. ಗಲ್ಲ ನೋಡಿ."

ಡಾಕ್ಟರಮ್ಮ ಗಲ್ಲ ನೋಡಿದರು, ಮುಂಗೈ ನೋಡಿದರು, ಕೊನೆಗೆ ಫಾರ್ಮಕ್ಕನ ಮುಖವನ್ನೇ ನೋಡಿದರು. ಇಬ್ಬರಿಗೂ ಅದೇ ಡ್ರೈವರು ನೆನಪಾಗಿದ್ದ. "ಐದು ನಿಮಿಷ," ಎಂದು ಅವರು ಹಿಂದಕ್ಕೆ ತಿರುಗಿ, "ಮೇಷ್ಟ್ರೇ, ನೀವು ಬನ್ನಿ," ಎಂದರು. ಅಷ್ಟು ಹೊತ್ತು ಸರದಿಗಾಗಿ ಹಾರಾಡುತ್ತಿದ್ದ ಮೇಷ್ಟ್ರು ಈಗ ಕುರ್ಚಿಯ ಕಡೆ ನೋಡಿ, ತಮಗೇನೂ ಅಂಥ ಅವಸರವಿಲ್ಲ ಎಂದರು. ಆದರೂ ಹೋಗಬೇಕಾಯಿತು.

ಫಾರ್ಮಕ್ಕ ಯೋಚಿಸಿದಳು. ಇವರು ಸುಳ್ಳು ಹೇಳುವವರಲ್ಲ, ವಯಸ್ಸನ್ನೇ ಲೆಕ್ಕ ಸಮೇತ ಒಪ್ಪಿಸಿದವರು. ತಪ್ಪು ಇವರ ಉತ್ತರದಲ್ಲಿ ಇಲ್ಲದಿದ್ದರೆ ತಾನು ಕೇಳುವ ರೀತಿಯಲ್ಲೇ ಇರಬೇಕು. ಫಾರ್ಮನ್ನು ಮಗುಚಿ, ಖಾಲಿ ಬೆನ್ನನ್ನು ಮೇಲೆ ಮಾಡಿ ಇಟ್ಟಳು.

"ಅಮ್ಮಾ, ಪ್ರಶ್ನೆ ಬಿಡಿ. ಬೆಳಿಗ್ಗೆ ಎದ್ದಾಗಿಂದ ನಿಮ್ಮನೇಲಿ ಏನೇನ್ ಆಗುತ್ತೆ, ಹೇಳ್ತಾ ಹೋಗಿ. ಒಂದೂ ಬಿಡಬೇಡಿ."

ಹೀಗೆ ಕೇಳುವವರು ಆ ಹೆಂಗಸಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಸೆರಗು ಸರಿಮಾಡಿಕೊಂಡು, ಕುರ್ಚಿ ಎಳೆದುಕೊಂಡು, ಆರಾಮಾಗಿ ಕೂತಳು.

"ಐದೂವರೆಗೆ ಏಳ್ತೀವಿ. ಒಂದು ಚೆಂಬು ನೀರು, ಅರ್ಧ ಅವರು ಅರ್ಧ ನಾನು. ಆಮೇಲೆ ಪೇಪರ್ ಬರುತ್ತೆ. ಮಧ್ಯದ ಹಾಳೆ ತೆಗೆದು ನಂಗೆ ಕೊಡ್ತಾರೆ, ಹೊರಗಿಂದು ಅವರು ಓದ್ತಾರೆ. ಅದಕ್ಕೇ ನಮ್ಮಿಬ್ಬರಿಗೂ ಯಾವ ಸುದ್ದಿನೂ ಪೂರ್ತಿ ಗೊತ್ತಿಲ್ಲ. ಆಮೇಲೆ ಟೀ. ಒಂದು ಬಾಳೆಹಣ್ಣು, ಮಧ್ಯಕ್ಕೆ ಕತ್ತರಿಸಿ. ಮದುವೆಯಾದ ಹೊಸದರಲ್ಲಿ ಒಂದು ದಿನ ಇವರು ಅಂಗಡೀಲಿ ಒಬ್ಬರೇ ಬಿಸ್ಕತ್ತು ತಿಂದ್ರು ಅಂತ ಗೊತ್ತಾಗಿ ನಾನು ಎರಡು ದಿನ ಮಾತು ಬಿಟ್ಟಿದ್ದೆ. ಅವತ್ತಿಂದ ಯಾವುದನ್ನೂ ಒಬ್ಬರೇ ತಿಂದಿಲ್ಲ ನಾವು. ತಿಂಡಿ ಆದ್ಮೇಲೆ ನನ್ನ ಮಾತ್ರೆ, ಆಮೇಲೆ ಅವರು ಅಂಗಡಿ ಬಾಗಿಲು ತೆಗೀತಾರೆ, ನಾನು ಗುಂಡಿ ಹೊಲಿಯೋಕೆ..."

"ನಿಲ್ಲಿ," ಎಂದಳು ಫಾರ್ಮಕ್ಕ. ಬೆನ್ನು ನೆಟ್ಟಗಾಯಿತು. "ನಿಮ್ಮ ಮಾತ್ರೆ?"

"ನಂದೇ. ಮೂರು ವರ್ಷದ ಹಿಂದೆ ಹೃದಯದ ಡಾಕ್ಟ್ರು ಬರ್ಕೊಟ್ರು. ದಿನಕ್ಕೆ ಒಂದು."

"ಅದನ್ನೂ..." ಫಾರ್ಮಕ್ಕ ಎರಡು ಬೆರಳಿನಲ್ಲಿ ಕತ್ತರಿಸುವ ಸನ್ನೆ ಮಾಡಿದಳು.

"ಮತ್ತೆ? ಅರ್ಧ ಅವರು, ಅರ್ಧ ನಾನು."

ಬೆಂಚಿನಲ್ಲಿದ್ದವರೆಲ್ಲ ತಮ್ಮ ತಮ್ಮ ನೋವು ಮರೆತು ಮುಂದಕ್ಕೆ ಬಾಗಿದರು. ಟೈಲರ್ ಯಜಮಾನರು ಅಂಗಿಯ ಜೇಬಿನಿಂದ ಬೆರಳುದ್ದದ ನೂಲುಗತ್ತರಿ ತೆಗೆದು, ಹೆಮ್ಮೆಯಿಂದ ಮೇಜಿನ ಮೇಲಿಟ್ಟರು. "ಇದರಲ್ಲೇ ಕತ್ತರಿಸೋದು. ಚೂರೂ ಪುಡಿ ಉದುರಲ್ಲ."

"ಕತ್ತರಿಸೋದು ಅವರು, ತಿನ್ನಿಸೋದು ನಾನು," ಎಂದಳು ಹೆಂಡತಿ. "ಮಾತ್ರೆ ಕಂಡ್ರೆ ಅವರಿಗಾಗಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿ ಬಾಯಿ ತೆಗೀತಾರೆ, ನಾನು ನಾಲಿಗೆ ಮೇಲಿಟ್ಟು ನೀರು ಹಿಡೀತೀನಿ."

"ಮತ್ತೆ ಹನ್ನೊಂದಕ್ಕೆ ಇಲ್ಲ ಅಂದ್ರಲ್ಲಮ್ಮಾ!"

"ಅವರಿಗೆ ಎಲ್ಲಿದೆ ಮಾತ್ರೆ? ಚೀಟಿ ನನ್ನ ಹೆಸರಲ್ಲಿದೆ. ಅವರು ಜೊತೆಗೆ ಅಂತ ತಿಂತಾರೆ ಅಷ್ಟೇ."

ಚೀಲದಿಂದ ಸ್ಟ್ರಿಪ್ಪು ಹೊರಬಂತು. ಅದೇ ಬೆಳ್ಳಿ ಹಾಳೆ, ಅದೇ ನೀಲಿ ಅಕ್ಷರ. ಡ್ರೈವರನ ಜೇಬಿನಲ್ಲಿದ್ದದ್ದೂ ಇದೇ. ಫಾರ್ಮಕ್ಕ ಗಂಟೆಯನ್ನು ಮೇಜಿನ ಆ ತುದಿಗೆ ಸರಿಸಿಟ್ಟಳು. ಆಗಲೇ ಅದನ್ನು ಬಾರಿಸಲು ಅರೆ ಕ್ಷಣವಷ್ಟೇ ಬಾಕಿಯಿತ್ತು.

ಮೇಷ್ಟ್ರ ಹಲ್ಲು ನೋಡಿ ಹೊರಬಂದ ಡಾಕ್ಟರಮ್ಮ ವಿಷಯ ಕೇಳಿದ್ದೇ ಇಡೀ ಬೀದಿಗೆ ಕೇಳುವ ಹಾಗೆ ಮಾತಾಡಿದರು. ಇವತ್ತು ಹಲ್ಲು ಕೀಳುವುದಿಲ್ಲ. ಯಜಮಾನರು ಆ ಮಾತ್ರೆಯನ್ನು ಮೂಸಿಯೂ ನೋಡಬಾರದು, ಹತ್ತು ದಿನ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿಕೊಂಡು ಬರಬೇಕು. ಹೆಂಡತಿ ಇವತ್ತೇ ಹೃದಯದ ಡಾಕ್ಟರ ಬಳಿ ಹೋಗಬೇಕು, ನಾಳೆಯಿಂದ ಮಾತ್ರೆ ಪೂರ್ತಿ ನುಂಗಬೇಕು. ಅರ್ಧ ಮಾತ್ರೆ ನಂಬಿಕೊಂಡು ಮೂರು ವರ್ಷ ಬದುಕಿರುವುದೇ ದೊಡ್ಡದು.

ಹೆಂಡತಿ ಎಲ್ಲವನ್ನೂ ವಿನಯದಿಂದ ಕೇಳಿಸಿಕೊಂಡಳು. ಕೊನೆಗೆ, "ನಾನೊಬ್ಳೇ ನುಂಗಲ್ಲ," ಎಂದಳು.

"ನುಂಗ್ಲೇಬೇಕು!"

"ಜಪ್ಪಯ್ಯ ಅಂದ್ರೂ ಇಲ್ಲ ಡಾಕ್ಟರಮ್ಮಾ. ನಾನೊಬ್ಳೇ ಗಟ್ಟಿಯಾಗಿ ಉಳ್ಕೊಂಡು ಏನ್ ಮಾಡ್ಲಿ?"

ಡಾಕ್ಟರಮ್ಮ ಹಲ್ಲು ಕೀಳುವುದರಲ್ಲಿ ನಿಸ್ಸೀಮರು, ಆದರೆ ಇಂಥದ್ದನ್ನು ಕೀಳುವ ಇಕ್ಕಳ ಅವರ ಬಳಿ ಇರಲಿಲ್ಲ. ಆಕೆಯ ನಾಡಿ, ಬಿ.ಪಿ. ಆದರೂ ನೋಡೋಣವೆಂದು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿದ್ದೇ ತಡ, ಯಜಮಾನರು ಮೇಜಿನ ಮೇಲೆ ಬಾಗಿದರು.

"ಅಕ್ಕಾ, ನಾನು ಬೇಕಂತಲೇ ತಿಂದೆ," ಎಂದು ಪಿಸುಗುಟ್ಟಿದರು. "ದೊಡ್ಡ ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಹತ್ತು ದಿನ ಅವಳು ಒಂದೂ ಮಾತ್ರೆ ಮುಟ್ಲಿಲ್ಲ. ನಿಮಗಿಲ್ಲದ್ದು ನಂಗ್ಯಾಕೆ ಅಂತಾಳೆ. ಕೈ ಮುಗಿದೆ, ಬೈದೆ, ಕೇಳ್ಲಿಲ್ಲ. ಕೊನೆಗೆ ಕತ್ತರಿ ತಗೊಂಡೆ. ಅರ್ಧ ನಾನು ತಿಂದ್ರೆ ಅರ್ಧ ಅವಳು ತಿಂತಾಳೆ. ಏನೂ ಇಲ್ಲದಕ್ಕಿಂತ ಅಷ್ಟಾದ್ರೂ ಹೋಗ್ಲಿ ಹೊಟ್ಟೆಗೆ ಅಂತ."

ಫಾರ್ಮಕ್ಕ ಪೆನ್ನು ಕೆಳಗಿಟ್ಟಳು.

"ಇನ್ನೊಂದಿದೆ. ಅವಳಿಗೆ ಹೇಳಬೇಡಿ." ಯಜಮಾನರು ಬಾಗಿಲ ಕಡೆ ಕಣ್ಣು ಹಾಯಿಸಿದರು. "ನಲವತ್ತೈದು ವರ್ಷದಲ್ಲಿ ನಾನು ಒಂದು ಅಳತೆ ತಪ್ಪಿದವನಲ್ಲ. ಇದೊಂದರಲ್ಲಿ ಮೋಸ ಮಾಡಿದೀನಿ. ನಾನು ಸರಿ ಅರ್ಧ ಕತ್ತರಿಸಲ್ಲ. ಅವಳ ತಟ್ಟೆಗೆ ಮುಕ್ಕಾಲು, ನನ್ನದಕ್ಕೆ ಕಾಲು. ಅವಳ ಕಣ್ಣು ಈಗ ಮಂಜು, ಗೊತ್ತಾಗಲ್ಲ."

ಫಾರ್ಮಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು. ಒರೆಸುತ್ತಿದ್ದ ಕೈ ಅರ್ಧಕ್ಕೇ ನಿಂತಿತು. ಕಾಲು ಮಾತ್ರೆ ತಿಂದವರ ಗಲ್ಲ ಹೀಗೆ ಐದು ಗಂಟೆ ಹೊತ್ತು ಒಸರುತ್ತದೆಯೇ? ಆಕೆ ಡಾಕ್ಟರಲ್ಲ, ನಿಜ. ಆದರೆ ಲೆಕ್ಕ ಎಲ್ಲೋ ಕೂಡುತ್ತಿರಲಿಲ್ಲ. ಯಜಮಾನರನ್ನು ಬೆಂಚಿಗೆ ಕಳಿಸಿ, ಹೊಸ ಫಾರ್ಮೊಂದನ್ನು ಎಳೆದುಕೊಂಡು, ಹೊರಗೆ ಬಂದ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡಳು.

"ನಂಗೆ ಹಲ್ಲು ನೋವಿಲ್ಲವಲ್ಲ," ಎಂದಳು ಆಕೆ.

"ಇರಲಿ. ಇದು ನಿಮ್ಮ ಪಾಲಿನ ಫಾರ್ಮು." ಪಾಲು ಎಂದ ಮೇಲೆ ಆಕೆ ತಕರಾರು ಮಾಡಲಿಲ್ಲ. "ಹನ್ನೊಂದು. ಕತ್ತರಿಸಿದ ಮೇಲೆ, ಎರಡು ಚೂರಲ್ಲಿ ಯಾವುದು ಯಾರಿಗೆ ಹೋಗುತ್ತೆ?"

ಹೆಂಡತಿ ಬೆಂಚಿನ ಕಡೆ ತಿರುಗಿ ನೋಡಿ, ದನಿ ತಗ್ಗಿಸಿದಳು. "ಅವರಿಗೆ ಹೇಳಬೇಡಿ, ಬೇಜಾರು ಮಾಡ್ಕೋತಾರೆ. ವಯಸ್ಸಾಯ್ತು ನೋಡಿ, ಈಗ ಅವರ ಕೈ ಅಳತೆ ತಪ್ಪುತ್ತೆ. ದಿನಾ ಒಂದು ಚೂರು ದೊಡ್ಡದಾಗೇ ಬರುತ್ತೆ, ಅದೂ ನನ್ನ ತಟ್ಟೆಗೇ ಬೀಳುತ್ತೆ. ಅಂಥಾ ಕೆಲಸಗಾರನಿಗೆ ಅಳತೆ ಸರಿ ಇಲ್ಲ ಅಂತ ಹೇಗೆ ಹೇಳೋದು? ಅದಕ್ಕೇ ಅವರು ಕಣ್ಣು ಮುಚ್ಚಿದಾಗ ದೊಡ್ಡದನ್ನ ಅವರ ಬಾಯಿಗೆ ಹಾಕಿ ಚಿಕ್ಕದನ್ನ ನಾನು ನುಂಗ್ತೀನಿ. ಮೂರು ವರ್ಷದಿಂದ. ಒಳ್ಳೇ ಔಷಧಿಯಂತೆ, ಅವರಿಗೇ ಹೆಚ್ಚು ಹೋಗ್ಲಿ ಅಂತ."

ಫಾರ್ಮಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಬ್ಬರ ಕಣ್ಣು ಮಂಜೆಂದು ಇನ್ನೊಬ್ಬರು, ಒಬ್ಬರ ಕೈ ಅಳತೆ ತಪ್ಪುತ್ತದೆಂದು ಇನ್ನೊಬ್ಬರು. ಇಬ್ಬರ ಪ್ರೀತಿಯೂ ಸೇರಿ ಮುಕ್ಕಾಲು ಮಾತ್ರೆ ಬೇಡದವರ ಹೊಟ್ಟೆಗೆ, ಕಾಲು ಮಾತ್ರೆ ಬೇಕಾದವಳ ಹೊಟ್ಟೆಗೆ! ಆರು ವರ್ಷ ಗೀಟು ಎಳೆದೇ ಕಳೆದೆನಲ್ಲ, ಎಷ್ಟು ಮನೆಗಳ ಇಂಥ ಕಥೆಯ ಮೇಲೆ ಆ ಗೀಟು ಹೋಗಿದೆಯೋ ಎಂದು ಆಕೆ ಮೇಜಿನ ಮೇಲಿನ ಫಾರ್ಮಿನ ಕಟ್ಟನ್ನು ನೋಡಿದಳು.

ಡಾಕ್ಟರಮ್ಮನ ಹಾಗೆ ಗದರಿ ಪ್ರಯೋಜನವಿಲ್ಲವೆಂದು ಆಕೆಗೆ ಗೊತ್ತಿತ್ತು. ಆ ಮುದುಕಿಯ ಕೈ ಹಿಡಿದುಕೊಂಡಳು.

"ಅಮ್ಮಾ, ನಿಮಗೆ ಔಷಧಿ ಆಗಿದ್ದು ಅವರಿಗೆ ಆಗಲ್ಲ. ಅವರ ಗಲ್ಲ ಬೆಳಿಗ್ಗೆಯಿಂದ ಒಸರ್ತಿದೆಯಲ್ಲ, ಅದು ನೀವು ಬಾಯಿಗಿಟ್ಟ ದೊಡ್ಡ ಚೂರಿನ ಕೆಲಸ. ಕೈ ಮೇಲಿನ ಕಲೆಗಳೂ ಅದರದ್ದೇ. ನಾನು ಕೇಳದೆ ಒಳಗೆ ಕಳಿಸಿದ್ರೆ ಇವತ್ತು ಹಲ್ಲಿನ ಜಾಗದಿಂದ ರಕ್ತ ನಿಲ್ತಾನೇ ಇರ್ಲಿಲ್ಲ. ನೀವು ಪೂರ್ತಿ ನುಂಗಿದ್ರೆ ಮಾತ್ರ ಅವರಿಗೆ ಚೂರೂ ಹೋಗಲ್ಲ."

 ಹೆಂಡತಿ ತಿರುಗಿ, ಬೆಂಚಿನ ಮೇಲೆ ಕೂತಿದ್ದ ಗಂಡನ ಗಲ್ಲದ ಚುಕ್ಕಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಸೆರಗಿನ ತುದಿ ಕಣ್ಣಿಗೆ ಹೋಯಿತು.

"ನಾನೇ ಬಾಯಿಗಿಟ್ಟೆನಲ್ಲ," ಎಂದಳು.

"ಗೊತ್ತಿರ್ಲಿಲ್ಲ ನಿಮಗೆ."

"ನಾನು ನುಂಗೋವಾಗ ಅವರು ಸುಮ್ನೆ ನೋಡ್ತಾ ಕೂರಬೇಕಾ?"

"ನೀರಿದೆಯಲ್ಲ," ಎಂದಳು ಫಾರ್ಮಕ್ಕ. "ಮಾತ್ರೆ ನಿಮ್ಮದು. ಲೋಟದ ನೀರು ಅರ್ಧ ಅವರಿಗೆ, ಅರ್ಧ ನಿಮಗೆ."

ಹೆಂಡತಿ ಅದನ್ನು ತೂಗಿ ನೋಡಿ, ಆಗಬಹುದು ಎಂಬಂತೆ ತಲೆಯಾಡಿಸಿದಳು. ಒಬ್ಬರ ಫಾರ್ಮಿನ ಹನ್ನೊಂದಕ್ಕೆ 'ಮುಕ್ಕಾಲು, ಗೊತ್ತಿಲ್ಲದೆ' ಎಂದೂ ಇನ್ನೊಬ್ಬರದಕ್ಕೆ 'ಕಾಲು, ಗೊತ್ತಿದ್ದೂ' ಎಂದೂ ಬರೆದು, ಡಾಕ್ಟರಮ್ಮನಿಗೆ ಮಾತ್ರ ತೋರಿಸಿ, ಫಾರ್ಮಕ್ಕ ಬೇರೆ ಬೇರೆ ಫೈಲಿಗೆ ಹಾಕಿದಳು. ನೂಲುಗತ್ತರಿಯನ್ನು ತನ್ನ ಡ್ರಾಯರಿನೊಳಗಿಟ್ಟು ಬೀಗ ಹಾಕಿದಳು. "ಹಲ್ಲು ಕಿತ್ತ ಮೇಲೆ ವಾಪಸ್ಸು," ಎಂದಾಗ ಯಜಮಾನರು ಬರಿದಾದ ಜೇಬನ್ನು ಮುಟ್ಟಿಕೊಂಡರು.

ಹನ್ನೆರಡನೆಯ ದಿನ ಇಬ್ಬರೂ ರಕ್ತ ಪರೀಕ್ಷೆಯ ಚೀಟಿ ಹಿಡಿದು ಬಂದರು. ಫಾರ್ಮಕ್ಕ ಮೊದಲು ನೋಡಿದ್ದು ಗಲ್ಲವನ್ನು. ನುಣ್ಣಗಿತ್ತು. ಹನ್ನೊಂದನೆಯ ಪ್ರಶ್ನೆ ಕೇಳಿದಳು, ಎದ್ದಾಗಿನಿಂದ ಮಲಗುವ ತನಕ ಮನೆಯಲ್ಲಿ ನಡೆಯುವುದನ್ನೆಲ್ಲ ಇನ್ನೊಮ್ಮೆ ಹೇಳಿಸಿದಳು, ಆಮೇಲೆಯೇ ಗಂಟೆ ಬಾರಿಸಿದಳು. ಹತ್ತು ನಿಮಿಷದಲ್ಲಿ ಹಲ್ಲು ಬಂತು. ಒಂದೇ ಉಂಡೆ ಹತ್ತಿ ಸಾಕಾಯಿತು. ಡಾಕ್ಟರಮ್ಮ ಆ ಉಂಡೆಯನ್ನು ನೋಡಿ, ಬಾಗಿಲಿಂದ ಇಣುಕಿ, ಫಾರ್ಮಕ್ಕನ ಕಡೆ ಒಮ್ಮೆ ತಲೆಯಾಡಿಸಿ ಒಳಗೆ ಹೋದರು. ಅವರ ಮಟ್ಟಿಗೆ ಅದೇ ಸನ್ಮಾನ.

ಅರ್ಧ ಗಂಟೆ ಕೂತು, ಹತ್ತಿ ತೆಗೆಸಿಕೊಂಡು, ಯಜಮಾನರು ಮೇಜಿನ ಬಳಿ ಬಂದು ಕೈ ಚಾಚಿದರು. ಫಾರ್ಮಕ್ಕ ಡ್ರಾಯರು ತೆಗೆದು ಕತ್ತರಿ ಕೈಗೆತ್ತಿಕೊಂಡಳು. ಅದೇ ಹೊತ್ತಿಗೆ ಹೆಂಡತಿ, ಡಾಕ್ಟರಮ್ಮ ಗಂಡನಿಗೆ ಕೊಟ್ಟಿದ್ದ ನೋವಿನ ಮಾತ್ರೆಯನ್ನು ಕಣ್ಣ ಹತ್ತಿರ ಹಿಡಿದು ತಿರುಗಿಸಿ ನೋಡುತ್ತಿದ್ದಳು.

"ಇದು ಅವರೊಬ್ಬರಿಗೇನಾ?"

ಫಾರ್ಮಕ್ಕನ ಕೈ ಕತ್ತರಿ ಸಮೇತ ಡ್ರಾಯರಿನೊಳಗೆ ಹೋಗಿ ಬೀಗ ಟಕ್ಕೆಂದಿತು.

ಯಜಮಾನರು ಬೀಗವನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಕೆಯ ಕೈಯಿಂದ ಮಾತ್ರೆ ತೆಗೆದುಕೊಂಡು, ಜೋಮು ಹಿಡಿದ ನಾಲಿಗೆಯಲ್ಲೇ ತೊದಲುತ್ತ, "ಇದು ನಂದು ಕಣೇ. ಪೂರ್ತಿ," ಎಂದರು. ಅಂಥ ಮಾತನ್ನು ಮದುವೆಯಾದಾಗಿನಿಂದ ಆಡಿದ್ದು ಅದೇ ಮೊದಲು. ಈ ಸಲ ಕಣ್ಣು ಮುಚ್ಚಲಿಲ್ಲ. ಕಣ್ಣು ಬಿಟ್ಟುಕೊಂಡೇ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು, ಮುಖ ಹಿಂಡಿ, ಫಾರ್ಮಕ್ಕ ಚಾಚಿದ ಲೋಟದಿಂದ ನೀರು ಕುಡಿದು, ಹೇಗೋ ಒಳಗಿಳಿಸಿದರು. ಲೋಟವನ್ನು ಬೆಳಕಿಗೆ ಹಿಡಿದು ಅಳತೆ ನೋಡಿದರು. ಇನ್ನೊಂದು ಗುಟುಕು ಕುಡಿದು, ಮತ್ತೆ ನೋಡಿ, ಹೆಂಡತಿಗೆ ಕೊಟ್ಟರು. ಸರಿಯಾಗಿ ಅರ್ಧವಿತ್ತು. ಆಕೆ ಅದನ್ನು ಕುಡಿದು ಲೋಟವನ್ನು ಮೇಜಿನ ಮೇಲಿಟ್ಟಳು.

ಫಾರ್ಮಕ್ಕ ದಾರದ ಪೆನ್ನು ಎಳೆದುಕೊಂಡು, ಯಜಮಾನರ ಫಾರ್ಮಿನಲ್ಲಿ ಹನ್ನೊಂದರ ಮುಂದೆ 'ಒಂದು. ಪೂರ್ತಿ. ನನ್ನೆದುರಿಗೇ' ಎಂದು ಬರೆದಳು. ಆಮೇಲೆ ಮುಂದಿನವರನ್ನು ಕರೆದಳು.